ಕೆಂಪು ತ್ರಿಕೋನದ ಬಾಟಲಿ

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕುಂಚಾವರಂ ಸೀಮೆಯ ರೈತರ ಬೆನ್ನಿಗೆ ಪಂಪು ಏರುತ್ತದೆ. ಕಾಯಿಕೊರಕ ಬಿತ್ತೆಂದರೆ 'ಎಣ್ಣಿ ಹೊಡೀಬೇಕು' ಎನ್ನುವುದರಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರದವರದು ಒಂದೇ ಮಾತು. ಅದೇ ಎಣ್ಣಿ ಮೈಮೇಲೆ ಸೋರಿದರೆ, ತಪ್ಪಿ ಹೊಟ್ಟೆಗೆ ಹೋದರೆ ಮಾತ್ರ ತಲೆಗೊಂದು ಸಲಹೆ. ಒಬ್ಬರು ಉಪ್ಪುನೀರು ಕುಡಿಸು ಎಂದರೆ ಇನ್ನೊಬ್ಬರು ಬೆರಳು ಹಾಕಿ ವಾಂತಿ ಮಾಡಿಸು ಎನ್ನುತ್ತಾರೆ. ಎರಡೂ ಅಪಾಯವೇ. ಮಂಪರಿನಲ್ಲಿರುವವರ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇಂಥ ಗಳಿಗೆಗೆಂದೇ ಒಂದು ಸಂಸ್ಥೆ ಇದೆ. ದೆಹಲಿಯ ಏಮ್ಸ್‌ನ ಔಷಧಶಾಸ್ತ್ರ ವಿಭಾಗದಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ. 1800 116 117ಕ್ಕೆ ಕರೆ ಮಾಡಿದರೆ ಹಗಲಿರುಳೂ ಉತ್ತರ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕೀಟನಾಶಕ, ಫಿನಾಯಿಲು, ಇಲಿ ಪಾಷಾಣ, ಮಗು ನುಂಗಿದ ಅಜ್ಜಿಯ ಬಿಪಿ ಗುಳಿಗೆ, ಯಾವುದನ್ನಾದರೂ ಕೇಳಬಹುದು. ಮನೆಯವರೂ ಕೇಳಬಹುದು, ಹಳ್ಳಿ ಆಸ್ಪತ್ರೆಯ ವೈದ್ಯರೂ ಕೇಳಬಹುದು.

ಕೇಳುವ ಮೊದಲು ಬಾಟಲಿ ನೋಡಬೇಕು. ಪ್ರತಿ ಕೀಟನಾಶಕದ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರುತ್ತದೆ. 1971ರ ಕೀಟನಾಶಕ ನಿಯಮಗಳು ಹಾಕಿಕೊಟ್ಟ ಗುರುತು ಅದು. ಕೆಳಗಿನ ತ್ರಿಕೋನ ಕೆಂಪಾಗಿದ್ದು ಮೇಲೆ ಬುರುಡೆ, ಎರಡು ಮೂಳೆ ಇದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹಸಿರೆಂದರೆ ಕುಡಿಯುವ ನೀರೆಂದಲ್ಲ, ಮಾರುವವರು ಏನೇ ಹೇಳಲಿ. ಅಕ್ಷರ ಬಾರದವರೂ ಓದಬಲ್ಲ ಈ ಪಾಠವನ್ನು ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಆ ಕೆಂಪು ತ್ರಿಕೋನದ್ದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಬೆರೆತದ್ದು ಅದೇ. 17 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸುಳ್ವಾಡಿಯೂ ಕುಂಚಾವರಂನಂತೆ ಕಾಡಂಚಿನ ಊರು, ದೊಡ್ಡಾಸ್ಪತ್ರೆಗೆ ದೂರ.

ಈ ಬಗೆಯ ವಿಷ ಮಾಡುವುದಿಷ್ಟು. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಕೆಲಸ ಮುಗಿದ ಕೂಡಲೇ ಒಡೆದುಹಾಕುವ ಕಿಣ್ವವೊಂದಿದೆ. ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ; ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ; ಮಾಂಸಖಂಡ ಅದುರುತ್ತದೆ; ಎದೆ ಗೊರಗೊರ ಎನ್ನುತ್ತ ಉಸಿರು ಕಟ್ಟುತ್ತದೆ. ಮದ್ದು ಅಟ್ರೋಪಿನ್, ಜೊತೆಗೆ ಪ್ರಾಲಿಡಾಕ್ಸಿಮ್. ಎದೆಯ ಗೊರಗೊರ ನಿಲ್ಲುವವರೆಗೂ ಅಟ್ರೋಪಿನ್ ಕೊಡುತ್ತಲೇ ಇರಬೇಕಾದ್ದರಿಂದ ಒಬ್ಬ ರೋಗಿಗೇ ರಾಶಿ ಬೇಕಾಗುತ್ತದೆ.

1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೋದ ಸುರಂಗ ರೈಲಿನಲ್ಲಿ ಬಿಟ್ಟ ಸಾರಿನ್ ಇದೇ ಕುಲದ್ದು. ಜಪಾನಿನ ವೈದ್ಯರು ಕೊಟ್ಟದ್ದೂ ಇದೇ ಮದ್ದು. ಸೇಂಟ್ ಲ್ಯೂಕ್ ಆಸ್ಪತ್ರೆಯಲ್ಲಿ ರೋಗಿಗಳ ಬಟ್ಟೆಯಿಂದ ಎದ್ದ ಆವಿ ದಾದಿಯರಿಗೂ ವೈದ್ಯರಿಗೂ ತಾಗಿತು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2009ರಲ್ಲಿ ರಾಸಾಯನಿಕ ಭಯೋತ್ಪಾದನೆ ಎದುರಿಸುವ ಮಾರ್ಗಸೂಚಿ ಹೊರಡಿಸಿದೆ. ಮುಖವಾಡ, ವಿಶೇಷ ಉಡುಪು, ದಳ ಎಲ್ಲ ಬೇಕು, ಸರಿ. ಆದರೆ ಚಿಂಚೋಳಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ತೊಗರಿ ಹಂಗಾಮಿಗೆ ಸಾಕಷ್ಟು ಅಟ್ರೋಪಿನ್ ಇದ್ದರೆ, ಬಟ್ಟೆ ಬಿಚ್ಚಿ ಮೈ ತೊಳೆಸಲು ಹೊರಗೊಂದು ನಳ ಇದ್ದರೆ ಆ ಸಿದ್ಧತೆಯ ಅರ್ಧ ಅಲ್ಲೇ ಆಯಿತು ಎಂಬುದು ನನ್ನ ಲೆಕ್ಕ.

ಮನೆಯವರ ಪಾಲಿನ ಕೆಲಸವೂ ಅದೇ. ಕೈಗೆ ರಬ್ಬರ್ ಗವಸು ಹಾಕಿಕೊಂಡು ಒದ್ದೆ ಬಟ್ಟೆ ತೆಗೆಯಿರಿ; ತಲೆಗೂದಲು, ಉಗುರಿನ ಸಂದಿ ಬಿಡದೆ ಸೋಪು ಹಚ್ಚಿ ತೊಳೆಯಿರಿ; ಕಣ್ಣಿಗೆ ಧಾರಾಳ ನೀರು ಹಾಕಿ. ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ. ಬೇಕೆಂದೇ ಕುಡಿದವರಿದ್ದರೆ ಬಯ್ಯುವುದು ಬೇಡ. ಜೀವ ಉಳಿದ ಮೇಲೆ ಅವರ ಮಾತು ಕೇಳಲು ಟೆಲಿ ಮಾನಸ್‌ನ 14416 ಇದೆ. ಖಾಲಿಯಾಗಿದ್ದರೂ ಬಾಟಲಿಯನ್ನು ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೊಯ್ಯಿರಿ. ವೈದ್ಯರು ಮೊದಲು ಕೇಳುವುದೇ ಅದನ್ನು.