ಸತ್ತು ಸತ್ತು ಗೆಲ್ಲುವ ಆಟ

ಪಾಳುಬಿದ್ದ ಸೆರೆಮನೆ. ಕೈಯಲ್ಲಿರುವುದು ಮುರಿದ ಕತ್ತಿಯ ಹಿಡಿಯೊಂದೇ. ಹೆಬ್ಬಾಗಿಲನ್ನು ತಳ್ಳಿ ವಿಶಾಲವಾದ ಹಜಾರಕ್ಕೆ ಕಾಲಿಟ್ಟೊಡನೆಯೇ ಮೇಲಿನಿಂದ ಆನೆಗಾತ್ರದ ರಾಕ್ಷಸನೊಬ್ಬನು ಧೊಪ್ಪನೆ ಧುಮುಕುತ್ತಾನೆ. ಅವನ ಕೈಯ ಗದೆಯೋ, ಮರದ ಕಾಂಡದಷ್ಟು ದಪ್ಪ! ಆಟಕ್ಕೆ ಹೊಸಬನಾದವನು ವೀರಾವೇಶದಿಂದ ಮುನ್ನುಗ್ಗುತ್ತಾನೆ. ಕೆಲವೇ ಏಟುಗಳು, ಅಷ್ಟರಲ್ಲಿ ಪರದೆಯ ಮೇಲೆ ಕೆಂಪಕ್ಷರಗಳು ಮೂಡುತ್ತವೆ: ‘ನೀನು ಸತ್ತೆ.’

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯು 2011ರಲ್ಲಿ ಹೊರತಂದ ‘ಡಾರ್ಕ್ ಸೋಲ್ಸ್’ ಎಂಬ ವಿಡಿಯೋ ಆಟದ ಮೊದಲ ಪಾಠವಿದು. ಸತ್ತವನು ಮರಳಿ ಬಂದು ಸುತ್ತಲೂ ಕಣ್ಣಾಡಿಸಿದರೆ, ಹಜಾರದ ಎಡಬದಿಯಲ್ಲಿ ಬಾಗಿಲೊಂದು ತೆರೆದೇ ಇದೆ! ಓಡಿಹೋಗೆಂದು ನೆಲದ ಮೇಲೆ ಎಚ್ಚರಿಕೆಯ ಬರಹವೂ ಇದೆ. ಆ ಬಾಗಿಲಿನಿಂದ ಪಾರಾದವನಿಗೆ ಮುಂದೆ ಆಯುಧ ದೊರೆಯುತ್ತದೆ, ಗುರಾಣಿ ದೊರೆಯುತ್ತದೆ. ಕೊನೆಗೆ ಅದೇ ಹಜಾರದ ಮೇಲಣ ಮೊಗಸಾಲೆಯಿಂದ ರಾಕ್ಷಸನ ತಲೆಯ ಮೇಲೆ ಹಾರಿ ಇರಿದರೆ, ಅವನ ಪ್ರಾಣಬಲದ ದೊಡ್ಡ ಪಾಲೊಂದು ಒಮ್ಮೆಗೇ ಇಳಿದುಹೋಗುತ್ತದೆ. ಆಟವು ಮೋಸಮಾಡಲಿಲ್ಲ, ಆಟಗಾರನು ನೋಡಲಿಲ್ಲ, ಅಷ್ಟೇ.

ಈ ಆಟಗಳ ಕಾಠಿಣ್ಯವೆಲ್ಲ ಇದೇ ಬಗೆಯದು. ಕತ್ತಿ ಬೀಸಿದರೂ, ಗುರಾಣಿಯಿಂದ ಏಟನ್ನು ತಡೆದರೂ, ಉರುಳಿ ತಪ್ಪಿಸಿಕೊಂಡರೂ ದೇಹದ ಕಸುವು ಕರಗುತ್ತದೆ. ಆ ಕಸುವನ್ನು ತೋರಿಸುವ ಹಸಿರು ಪಟ್ಟಿಯು ಬರಿದಾದಾಗ ಎಂಥ ಶೂರನೂ ನಿರುಪಾಯ. ವೈರಿಯು ಹೊಡೆಯುವ ಮುನ್ನ ತೋಳೆತ್ತುತ್ತಾನೆ, ಮೈ ತಿರುಗಿಸುತ್ತಾನೆ. ಆ ಸೂಚನೆಯನ್ನು ಓದಬಲ್ಲವನು ಬದುಕಿಯಾನು. ‘ಇನ್ನೊಂದೇ ಏಟು’ ಎಂದು ಆಸೆಪಟ್ಟವನು ಸಾಯುವುದು ಬಹುಮಟ್ಟಿಗೆ ಖಚಿತ.

ಕೊಂದ ವೈರಿಗಳಿಂದ ಗಳಿಸಿದ ‘ಆತ್ಮ’ಗಳೇ ಇಲ್ಲಿಯ ನಾಣ್ಯ, ಬಲವನ್ನು ಹೆಚ್ಚಿಸಿಕೊಳ್ಳುವುದಕ್ಕೂ ಅವೇ ಬೇಕು. ಸತ್ತರೆ ಅವೆಲ್ಲವೂ ಸತ್ತ ಸ್ಥಳದಲ್ಲಿಯೇ ಉಳಿಯುತ್ತವೆ. ಆಟಗಾರನು ಎಚ್ಚರಗೊಳ್ಳುವುದು ಹಿಂದೆ ತಾನು ವಿಶ್ರಮಿಸಿದ, ಸಾಧುಗಳ ಧುನಿಯಂತೆ ಉರಿಯುವ ಬೆಂಕಿಯ ಬಳಿ. ಅಷ್ಟರಲ್ಲಿ ದಾರಿಯಲ್ಲಿ ಕೊಂದಿದ್ದ ವೈರಿಗಳೂ ಬಹುಪಾಲು ಎದ್ದು ನಿಂತಿರುತ್ತಾರೆ! ಅವರನ್ನೆಲ್ಲ ದಾಟಿಹೋದರೆ ಕಳೆದ ಗಂಟು ಕೈಸೇರುತ್ತದೆ; ನಡುವೆ ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಯಿತು. ತುಸು ನಿಲ್ಲಿಸಿ ಎದ್ದು ಹೋಗೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಮನೆಗೆ ನೆಂಟರು ಬಂದರೂ ರಾಕ್ಷಸನು ಕಾಯುವವನಲ್ಲ.

ಇಂಥ ಆಟವನ್ನು ಕಲ್ಪಿಸಿದವನು ಹಿದೆತಾಕಾ ಮಿಯಾಝಾಕಿ. ಬೇರೆ ಉದ್ಯೋಗದಲ್ಲಿದ್ದ ಈತನು ಮೂವತ್ತರ ಹೊಸ್ತಿಲಲ್ಲಿ, 2004ರಲ್ಲಿ, ಈ ಸಂಸ್ಥೆಯನ್ನು ಸೇರಿದನು. ಅಲ್ಲಿ ಹದಗೆಟ್ಟು ನಿಂತಿದ್ದ ಯೋಜನೆಯೊಂದನ್ನು ತಾನಾಗಿ ಕೈಗೆತ್ತಿಕೊಂಡನು. ಹೇಗೂ ಸೋತದ್ದೆಂದು ಎಲ್ಲರೂ ಎಣಿಸಿದ ಕೆಲಸದಲ್ಲಿ ಮನಬಂದಂತೆ ಪ್ರಯೋಗ ಮಾಡಬಹುದಲ್ಲವೇ? 2009ರಲ್ಲಿ ಹೊರಬಂದ ಆ ‘ಡೀಮನ್ಸ್ ಸೋಲ್ಸ್’ ಆಟವನ್ನು ಸೋನಿ ಸಂಸ್ಥೆಯು ಜಪಾನಿನಲ್ಲಿ ಪ್ರಕಟಿಸಿತಾದರೂ, ಅಮೆರಿಕಕ್ಕೆ ಕೊಂಡೊಯ್ಯುವ ಧೈರ್ಯ ಮಾಡಲಿಲ್ಲ. ಆ ಭಾರವನ್ನು ಅಟ್ಲಸ್ ಎಂಬ ಬೇರೊಂದು ಸಂಸ್ಥೆಯು ಹೊತ್ತಿತು. ಆಟವು ಬಾಯಿಂದ ಬಾಯಿಗೆ ಹಬ್ಬಿ ಗೆದ್ದಿತು. ಮಿಯಾಝಾಕಿಯು 2014ರಲ್ಲಿ ಫ್ರಮ್‌ಸಾಫ್ಟ್‌ವೇರಿನ ಅಧ್ಯಕ್ಷನೇ ಆದನು.

ಆಕ್ಷೇಪಣೆಗಳು ಇಲ್ಲದಿಲ್ಲ. ‘ಸುಲಭ’, ‘ಕಠಿಣ’ ಎಂದು ಆರಿಸಿಕೊಳ್ಳುವ ಏರ್ಪಾಡು ಈ ಆಟಗಳಲ್ಲಿಲ್ಲ. 2019ರಲ್ಲಿ ‘ಸೆಕಿರೋ’ ಬಂದಾಗ ಇದರ ಮೇಲೆ ದೊಡ್ಡ ವಾದವೇ ನಡೆಯಿತು. ಬೆರಳುಗಳು ಚುರುಕಾಗಿ ಆಡದವರು, ದೃಷ್ಟಿ ಮಂದವಾದವರು ಹಣತೆತ್ತೂ ಹೊರಗೇ ನಿಲ್ಲಬೇಕೇ ಎಂಬ ಪ್ರಶ್ನೆಯನ್ನು ‘ಅಭ್ಯಾಸಮಾಡಿ’ ಎಂಬ ಒಂದು ಮಾತಿನಿಂದ ತಳ್ಳಿಹಾಕುವುದು ಉಚಿತವಲ್ಲ. ಅಭ್ಯಾಸದಿಂದ ಎಲ್ಲರ ಕೈಯೂ ತಿದ್ದುವುದಿಲ್ಲ. ಎಲ್ಲರೂ ಒಂದೇ ಬೆಟ್ಟವನ್ನು ಹತ್ತಿದರಲ್ಲವೇ ಶಿಖರದ ಮಾತಿಗೆ ಬೆಲೆ ಎನ್ನುವವರಲ್ಲಿಯೂ ಸತ್ಯಾಂಶವಿದೆ.

2022ರ ಫೆಬ್ರವರಿಯಲ್ಲಿ ಬಂದ ‘ಎಲ್ಡನ್ ರಿಂಗ್’ ಈ ಬಿಕ್ಕಟ್ಟಿಗೆ ಅರ್ಧ ಉತ್ತರವನ್ನಿತ್ತಿತು. ಇಲ್ಲಿಯ ನಾಡು ವಿಶಾಲವಾದದ್ದು. ಒಬ್ಬ ವೈರಿಯು ಮಣಿಯದಿದ್ದರೆ ಕುದುರೆಯೇರಿ ಬೇರೆ ದಿಕ್ಕಿಗೆ ಹೋಗಿ, ಬಲಿತು ಬರಬಹುದು. ಮೂರು ವಾರ ತುಂಬುವುದರೊಳಗೆ 1 ಕೋಟಿ 20 ಲಕ್ಷ ಪ್ರತಿಗಳು ಬಿಕರಿಯಾದವು. ಆದರೂ ಅದರಲ್ಲಿಯ ಮಲೇನಿಯಾ ಎಂಬ ವೀರಾಂಗನೆಯ ಮುಂದೆ ನುರಿತವರೂ ಕಂಗಾಲಾದರು. ಆಕೆಯ ಏಟು ತಗುಲಿದಾಗಲೆಲ್ಲ ಆಕೆಯ ಗಾಯವೇ ಮಾಯುತ್ತದೆ. ಗುರಾಣಿ ಅಡ್ಡ ಹಿಡಿದರೂ ಅದು ತಪ್ಪುವುದಿಲ್ಲ!

ನೆರವಿಗೆ ಒಂದು ದಾರಿಯುಂಟು. ಹಿಂದೊಮ್ಮೆ ಮಿಯಾಝಾಕಿಯ ಕಾರು ಹಿಮಬಿದ್ದ ಏರಿನಲ್ಲಿ ಸಿಕ್ಕಿಕೊಂಡಿತ್ತು. ಸಾಲಿನಲ್ಲಿದ್ದ ಕಾರುಗಳು ಒಂದನ್ನೊಂದು ಹಿಂದಿನಿಂದ ದೂಡಿ ಏರನ್ನು ಹತ್ತಿಸಿದವು. ನಿಂತು ಕೃತಜ್ಞತೆ ಹೇಳುವಂತಿರಲಿಲ್ಲ. ನಿಂತರೆ ಮತ್ತೆ ಸಿಕ್ಕಿಕೊಳ್ಳುವ ಭಯ. ಆ ನೆನಪಿನಿಂದಲೇ, ಅಪರಿಚಿತರು ನೆಲದ ಮೇಲೆ ತಮ್ಮ ಗುರುತನ್ನು ಬರೆದಿಟ್ಟು, ಕರೆದವರ ಲೋಕಕ್ಕೆ ಛಾಯಾರೂಪದಿಂದ ಬಂದು ಹೋರಾಡಿ, ಕೆಲಸ ಮುಗಿದೊಡನೆ ಮರೆಯಾಗುವ ಏರ್ಪಾಡು ಹುಟ್ಟಿತು.

2022ರಲ್ಲಿ ಮಲೇನಿಯಾಳ ಬಾಗಿಲಲ್ಲಿ ಇಂಥ ಗುರುತೊಂದು ದಿನವೂ ಕಾಣಿಸತೊಡಗಿತು. ಕರೆದರೆ ಬರುತ್ತಿದ್ದವನ ಮೈಮೇಲೆ ಕವಚವಿಲ್ಲ. ಸೊಂಟಕ್ಕೆ ತುಂಡುಬಟ್ಟೆ, ತಲೆಯ ಮೇಲೆ ಒಂದು ಮಡಕೆ, ಎರಡು ಕೈಗಳಲ್ಲಿ ಎರಡು ಕತ್ತಿ. ‘ಆಕೆಯನ್ನು ನಾನೊಬ್ಬನೇ ನೋಡಿಕೊಳ್ಳುವೆ’ ಎಂಬರ್ಥದ ಹೆಸರನ್ನೇ ಆತನು ಇಟ್ಟುಕೊಂಡಿದ್ದನು. ಕರೆದವನು ಮೂಲೆಯಲ್ಲಿ ನಿಂತು ನೋಡುತ್ತಿದ್ದರೆ ಸಾಕು. ಹೀಗೆ ಅಪರಿಚಿತರ ಪರವಾಗಿ ಆತನು ಆಕೆಯನ್ನು ಸಾವಿರಕ್ಕೂ ಹೆಚ್ಚು ಬಾರಿ ಸೋಲಿಸಿದನು. ಆಟದ ಪ್ರಕಾಶಕರಾದ ಬಂದಾಯ್ ನಾಮ್ಕೋ ಸಂಸ್ಥೆಯವರು ಆತನ ಮನೆಗೆ ನಿಜವಾದ ಖಡ್ಗವೊಂದನ್ನು ಉಡುಗೊರೆಯಾಗಿ ಕಳುಹಿಸಿದರು.