ಮಂಚದ ಪಕ್ಕ ನಿಂತವರು ಬಲ್ಲದ್ದು

ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬೈಗೆ ಹೋಗಿ ನರ್ಸಿಂಗ್ ಕಲಿತು ಕೆ.ಇ.ಎಂ. ಆಸ್ಪತ್ರೆ ಸೇರಿದ್ದರು. ಅದೇ ಆಸ್ಪತ್ರೆಯ ವೈದ್ಯರೊಬ್ಬರ ಜೊತೆ ಮದುವೆಯೂ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಅಲ್ಲಿನ ಕಸ ಗುಡಿಸುವ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರ ಎಸಗಿದ. ಉಸಿರುಗಟ್ಟಿ ಮಿದುಳಿಗೆ ಆಮ್ಲಜನಕ ನಿಂತುಹೋಗಿತ್ತು. ಮರುದಿನ ಬೆಳಿಗ್ಗೆ ಸಿಕ್ಕಾಗ ಜೀವವಿತ್ತು, ಅರಿವು ಉಳಿದಿರಲಿಲ್ಲ. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವ ತನಕ, 41 ವರ್ಷಕ್ಕೂ ಮಿಕ್ಕಿ, ಕೆ.ಇ.ಎಂ. ಆಸ್ಪತ್ರೆಯೇ ಅವರ ಮನೆಯಾಯಿತು. 4ನೇ ವಾರ್ಡಿಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಅವರ ಮಂಚವಿತ್ತು.

ಈ ಪ್ರಕರಣ ಕಾನೂನು ಪುಸ್ತಕಗಳಲ್ಲಿ ದಯಾಮರಣದ ಹೆಸರಿನಲ್ಲಿ ದಾಖಲಾಗಿದೆ. ನರ್ಸ್‌ಗಳ ಪಾಲಿಗೆ ಅದರಲ್ಲಿ ಇನ್ನೊಂದು ಸಂಗತಿಯಿದೆ. ಅರುಣಾ ಅವರನ್ನು ಸಾಯಲು ಬಿಡಬೇಕೆಂಬ ಅರ್ಜಿಯ ವಿಚಾರಣೆ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದಾಗ, ಆ 37 ವರ್ಷಗಳಲ್ಲಿ ಅರುಣಾ ಅವರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣೂ ಆಗಿಲ್ಲ ಎಂಬುದು ಎಲ್ಲರ ಗಮನಕ್ಕೆ ಬಂತು.

ಈ ಮಾತಿನ ತೂಕ ಗೊತ್ತಾಗಬೇಕಾದರೆ ಹಾಸಿಗೆ ಹುಣ್ಣು ಹೇಗೆ ಆಗುತ್ತದೆ ಎಂದು ತಿಳಿಯಬೇಕು. ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಹೊರಳಲಾಗದವರ ಸೊಂಟದ ಹಿಂಬದಿ, ಹಿಮ್ಮಡಿ, ತೊಡೆಯ ಕೀಲು, ಭುಜದ ಮೂಳೆ ಹಾಸಿಗೆಗೆ ಒತ್ತಿಕೊಂಡೇ ಇರುತ್ತವೆ. ಒತ್ತಿದ ಜಾಗಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದಾಗ ಆ ಕೆಂಪು ಒಂದು ಕ್ಷಣ ಬಿಳಿಚಿ ಮರಳಿದರೆ ಇನ್ನೂ ಸಮಯವಿದೆ. ಬಿಳಿಚದೆ ಹಾಗೆಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ನಿರ್ಲಕ್ಷಿಸಿದರೆ ಅದು ಮೂಳೆಯವರೆಗೂ ಇಳಿಯುತ್ತದೆ. ತಡೆಯುವ ದಾರಿಯಲ್ಲಿ ಅಂಥ ಗುಟ್ಟೇನೂ ಇಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡಬೇಕು, ಬೆಡ್‌ಶೀಟಿನಲ್ಲಿ ಸುಕ್ಕು ಉಳಿಯಬಾರದು, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಬೇಕು. ಹಗಲು, ರಾತ್ರಿ, ಹಬ್ಬ, ಮುಷ್ಕರ ಎನ್ನದೆ ಮಾಡಬೇಕು. ಕೆ.ಇ.ಎಂ. ನರ್ಸ್‌ಗಳು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು. ಆ ಘಟನೆ ನಡೆದಾಗ ಹುಟ್ಟಿಯೇ ಇರದ ಹುಡುಗಿಯರು ಬಂದು ಅದೇ ದಿಂಬನ್ನು ಸರಿಮಾಡಿದರು.

ಹಾಸಿಗೆ ಖಾಲಿ ಮಾಡಿಸಲೆಂದು ಮಹಾನಗರಪಾಲಿಕೆ ಎಂಬತ್ತರ ದಶಕದಲ್ಲಿ ಅರುಣಾ ಅವರನ್ನು ಬೇರೆಡೆಗೆ ಸಾಗಿಸಲು ಹೊರಟಾಗ ನರ್ಸ್‌ಗಳು ಪ್ರತಿಭಟಿಸಿ ತಡೆದಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅವರು ಅರುಣಾಗೆ ಕೊಡುತ್ತಿರುವ ಆಹಾರವನ್ನು ನಿಲ್ಲಿಸಿ ಸಾಯಲು ಬಿಡಬೇಕೆಂದು ಸುಪ್ರೀಂ ಕೋರ್ಟಿಗೆ ಹೋದಾಗಲೂ ನರ್ಸ್‌ಗಳು ಒಪ್ಪಲಿಲ್ಲ. ಮೀನು, ಚಿಕನ್ ಸೂಪ್ ಕೊಟ್ಟರೆ ಇಷ್ಟಪಟ್ಟು ನುಂಗುತ್ತಾರೆ, ಕೋಣೆಯಲ್ಲಿ ಜನ ಜಾಸ್ತಿಯಾದರೆ ಚಡಪಡಿಸುತ್ತಾರೆ, ಮುಟ್ಟಿ ಸಮಾಧಾನಪಡಿಸಿದರೆ ಶಾಂತರಾಗುತ್ತಾರೆ ಎಂದು ಅವರು ಹೇಳಿದ್ದು ದಾಖಲಾಯಿತು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ, ಅರುಣಾ ಪರವಾಗಿ ನಿರ್ಧಾರ ಹೇಳಬೇಕಾದ ಆಪ್ತರು ಕೆ.ಇ.ಎಂ. ಸಿಬ್ಬಂದಿಯೇ ಎಂದರು. ರಕ್ತಸಂಬಂಧವಿಲ್ಲದ ನರ್ಸ್‌ಗಳನ್ನು ದೇಶದ ಅತ್ಯುನ್ನತ ನ್ಯಾಯಾಲಯ ಆಪ್ತರೆಂದು ಒಪ್ಪಿದ ದಿನ ಅದು. ಇಷ್ಟಾದರೂ ವಿರಾನಿ ಎತ್ತಿದ ಪ್ರಶ್ನೆ ಸಣ್ಣದಲ್ಲ. ಅಷ್ಟು ವರ್ಷ ಹಾಗೆ ಬದುಕಿರಲು ಅರುಣಾ ಸ್ವತಃ ಬಯಸುತ್ತಿದ್ದರೇ? ಉತ್ತರ ಯಾರ ಬಳಿಯೂ ಇರಲಿಲ್ಲ. ವಿರಾನಿ ಅವರ ಅರ್ಜಿ ತಿರಸ್ಕೃತವಾದರೂ, ಗುಣವಾಗದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕಾನೂನು ದಾರಿ ನಮ್ಮ ದೇಶದಲ್ಲಿ ತೆರೆದುಕೊಂಡದ್ದು ಆ ತೀರ್ಪಿನಿಂದಲೇ.

ವೈದ್ಯರು ರೌಂಡ್ಸಿಗೆ ಬಂದು ಹೋಗುತ್ತಾರೆ. ಮಿಕ್ಕ ಹೊತ್ತು ರೋಗಿಯ ಹತ್ತಿರ ಇರುವವರು ಮನೆಯವರು ಮತ್ತು ನರ್ಸ್. ‘ಇನ್ನು ಮಾಡುವಂಥದ್ದೇನೂ ಇಲ್ಲ’ ಎಂಬ ಮಾತು ಬಂದ ಮೇಲೆ ನರ್ಸ್‌ಗೆ ಕೆಲಸ ಹೆಚ್ಚುತ್ತದೆ. ಒಣಗಿದ ತುಟಿ, ಕಟ್ಟಿದ ಹೊಟ್ಟೆ, ರಾತ್ರಿಯ ಭಯ, ವಾಸನೆ ಬರುವ ಗಾಯ ಎಲ್ಲವೂ ಅವರ ಕೈಗೇ ಬರುತ್ತವೆ.

ಗುಣವಾಗದವರ ಈ ಆರೈಕೆಯನ್ನೇ ಒಂದು ವೈದ್ಯಕೀಯ ಶಾಖೆಯಾಗಿ ಬೆಳೆಸಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. 1918ರಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯ ಸಮಾಜಸೇವಕಿಯಾಗಿದ್ದಾಗ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತನ ಪರಿಚಯವಾಯಿತು. ನೋವಿನಲ್ಲಿರುವವರಿಗೆ ಎಂಥ ಜಾಗ ಬೇಕು ಎಂದು ಇಬ್ಬರೂ ಮಾತಾಡುತ್ತಿದ್ದರು. 1948ರಲ್ಲಿ ಆತ ತೀರಿಕೊಂಡಾಗ ಅವರ ಹೆಸರಿಗೆ 500 ಪೌಂಡ್ ಬಿಟ್ಟುಹೋಗಿದ್ದ. ಸಾಂಡರ್ಸ್ ನಂತರ ಡಾಕ್ಟರಿಕೆ ಓದಿದರು. 1967ರಲ್ಲಿ ಲಂಡನ್ನಿನಲ್ಲಿ, ಸಾವಿನ ಹತ್ತಿರ ಬಂದವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಮೈಯ ನೋವು, ಮನಸ್ಸಿನ ಕಳವಳ, ಸಂಸಾರದ ಚಿಂತೆ, ದೇವರ ಬಗೆಗಿನ ಪ್ರಶ್ನೆ ಇವೆಲ್ಲ ಒಂದೇ ನೋವಿನ ಭಾಗಗಳು ಎಂಬುದು ಅವರು ಕಂಡುಕೊಂಡ ಸತ್ಯ. ಮಗಳ ಮದುವೆ ಬಾಕಿಯಿರುವ ತಂದೆಗೆ ಮಾತ್ರೆ ಕೊಟ್ಟರೂ ನೋವು ಇಳಿಯದಿರುವುದನ್ನು ವಾರ್ಡಿನಲ್ಲಿ ಕಂಡ ನರ್ಸ್‌ಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಾಂಡರ್ಸ್ ಒತ್ತಿ ಹೇಳಿದ ಇನ್ನೊಂದು ವಿಷಯ ಗಡಿಯಾರದ್ದು. ರೋಗಿ ನರಳಿ ಕೂಗಿದ ಮೇಲೆ ನೋವಿನ ಮದ್ದು ಕೊಡುವುದು ತಪ್ಪು. ನೋವು ಮರಳುವ ಮೊದಲೇ ಹೊತ್ತಿಗೆ ಸರಿಯಾಗಿ ಕೊಡಬೇಕು. ಬಾಯಿಂದ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ‘ಮಾರ್ಫಿನ್ ಶುರು ಮಾಡಿದರು ಅಂದರೆ ಮುಗಿಯಿತು’ ಎಂದು ಮನೆಯವರು ಹೆದರುತ್ತಾರೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಅದು ನಿಜವಾಗಿ ತರುವ ತೊಂದರೆ ಮಲಬದ್ಧತೆ, ಹಾಗಾಗಿ ಅನುಭವಿ ನರ್ಸ್ ಮಾರ್ಫಿನ್ ಚೀಟಿ ನೋಡಿದ ಕೂಡಲೇ ಭೇದಿಯ ಔಷಧಿಯೂ ಬರೆದಿದೆಯೇ ಎಂದು ಹುಡುಕುತ್ತಾರೆ. ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ 1999ರಿಂದ ಇರುವ ‘ಕರುಣಾಶ್ರಯ’ ಹಾಸ್ಪಿಸ್‌ನಲ್ಲಿ ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಇಂಥ ಆರೈಕೆ ಸಿಗುತ್ತದೆ.

ಕೊನೆಯ ದಿನಗಳು ಬಂದಾಗ ಮನೆಯವರಿಗೆ ಅತ್ಯಂತ ಸಂಕಟ ಕೊಡುವುದು ರೋಗಿ ಊಟ ಬಿಡುವುದು. ‘ಒಂದು ತುತ್ತಾದರೂ ತಿನ್ನಿಸಿ ಸಿಸ್ಟರ್, ಹಸಿದುಕೊಂಡು ಹೋಗಬಾರದು’ ಎನ್ನುತ್ತಾರೆ. ದೇಹ ಮುಚ್ಚಿಕೊಳ್ಳುತ್ತ ಬಂದಾಗ ಹಸಿವೂ ಬಾಯಾರಿಕೆಯೂ ತಾವಾಗಿ ಕಡಿಮೆಯಾಗುತ್ತವೆ, ಒತ್ತಾಯದಿಂದ ಹಾಕಿದ ಗಂಜಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ ಎಂಬುದನ್ನು ಒಂದೇ ಸಲ ಹೇಳಿದರೆ ಯಾರ ಮನಸ್ಸಿಗೂ ಹೋಗುವುದಿಲ್ಲ. ನರ್ಸ್ ಮೂರು ನಾಲ್ಕು ಸಲ ಹೇಳಬೇಕು, ಜೊತೆಗೆ ಮಾಡಲು ಏನಾದರೂ ಕೊಡಬೇಕು. ನಮ್ಮ ಕಡೆ ಬಾಯಿಗೆ ಗಂಗಾಜಲ, ತುಳಸಿ ನೀರು ಬಿಡುವ ಪದ್ಧತಿಯಿದೆ. ಚಮಚದಿಂದ ಸುರಿದರೆ ನೆತ್ತಿಗೇರುತ್ತದೆ. ಅದೇ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ತುಟಿಗೂ ನಾಲಿಗೆಗೂ ಸವರಲು ಮಗನ ಕೈಗೆ ಕೊಟ್ಟರೆ ಪದ್ಧತಿಯೂ ನಡೆಯುತ್ತದೆ, ಒಣಗಿದ ಬಾಯಿಗೂ ತಂಪಾಗುತ್ತದೆ.

ಆಮೇಲಿನ ಲಕ್ಷಣಗಳು ಹೆಚ್ಚುಕಡಿಮೆ ಒಂದು ಕ್ರಮದಲ್ಲಿ ಬರುತ್ತವೆ. ನಿದ್ದೆ ಹೆಚ್ಚುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮಂಡಿಯ ಸುತ್ತ ನೀಲಿ ಮಚ್ಚೆಗಳು ಮೂಡುತ್ತವೆ. ಉಸಿರು ಜೋರಾಗಿ, ಸಣ್ಣದಾಗಿ, ನಿಂತು, ಮತ್ತೆ ಶುರುವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಡಬ್ಲಿನ್ನಿನ ಚೇನ್ ಮತ್ತು ಸ್ಟೋಕ್ಸ್ ಎಂಬ ವೈದ್ಯರು ಇದನ್ನು ಬರೆದಿಟ್ಟರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಗಂಟಲಿನಲ್ಲಿ ಕಫ ನಿಂತು ಗೊರಗೊರ ಸದ್ದು ಬಂದಾಗ ಉಸಿರುಕಟ್ಟಿ ಒದ್ದಾಡುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸುತ್ತದೆ. ಆ ಹಂತದಲ್ಲಿ ರೋಗಿಗೆ ಅದರ ಅರಿವು ಬಹುಮಟ್ಟಿಗೆ ಇರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ತಲೆ ಸ್ವಲ್ಪ ಎತ್ತರಿಸಿದರೆ ಎಷ್ಟೋ ಸಲ ಸದ್ದು ತಗ್ಗುತ್ತದೆ. ಮೊದಲೇ ಹೇಳಿಟ್ಟ ಮನೆಗಳಲ್ಲಿ ಆ ರಾತ್ರಿ ಗಾಬರಿ ಕಡಿಮೆ. ಹೇಳದೇ ಹೋದ ಕಡೆ ಆ ಸದ್ದು ವರ್ಷಗಟ್ಟಲೆ ಮಕ್ಕಳ ಕಿವಿಯಲ್ಲಿ ಉಳಿಯುತ್ತದೆ.

ಕಿವಿಯ ವಿಷಯಕ್ಕೇ ಬಂದರೆ, ಪ್ರಜ್ಞೆ ತಪ್ಪಿದ ರೋಗಿಯ ಹತ್ತಿರ ಮಾತಾಡಿ ಎಂದು ಹಳೆಯ ನರ್ಸ್‌ಗಳು ಹೇಳುತ್ತಲೇ ಬಂದಿದ್ದಾರೆ. 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಾಸ್ಪಿಸ್ ಒಂದರ ರೋಗಿಗಳ ತಲೆಗೆ ಇ.ಇ.ಜಿ. ಜೋಡಿಸಿ ನೋಡಿದಾಗ, ಸಾವಿಗೆ ಕೆಲವೇ ಗಂಟೆಗಳಿದ್ದರೂ ಸ್ಪಂದನೆಯಿಲ್ಲದ ಕೆಲವರ ಮಿದುಳು ಶಬ್ದಕ್ಕೆ ಪ್ರತಿಕ್ರಿಯಿಸಿದ್ದು ಕಂಡಿತು. ಅರ್ಥವಾಗುತ್ತಿತ್ತೇ ಎಂಬುದು ಅದರಿಂದ ತಿಳಿಯುವುದಿಲ್ಲ. ಆದರೂ ಮಂಚದ ಪಕ್ಕ ಆಸ್ತಿ ಪಾಲಿನ ಜಗಳ ತೆಗೆಯುವ ಬಂಧುಗಳನ್ನು ಕಾರಿಡಾರಿಗೆ ಕಳಿಸಲು ನರ್ಸ್‌ಗೆ ಇಷ್ಟು ಆಧಾರ ಸಾಕು.

ಇನ್ನೊಂದು ಭಾರ ಸುಳ್ಳಿನದು. ‘ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ’ ಎಂದು ಮಕ್ಕಳು ಹೊರಗೆ ಕೈಮುಗಿಯುತ್ತಾರೆ. ರಾತ್ರಿ ಎರಡು ಗಂಟೆಗೆ ಡ್ರಿಪ್ ಬದಲಿಸಲು ಹೋದಾಗ ಅದೇ ಅಪ್ಪ, ‘ನಾನು ಮನೆಗೆ ಹೋಗಲ್ಲ ಅಲ್ವೇನಮ್ಮ?’ ಎಂದು ಕೇಳುತ್ತಾರೆ. ರೋಗದ ವಿಷಯ ಹೇಳಬೇಕಾದವರು ವೈದ್ಯರು, ಬಚ್ಚಿಟ್ಟವರು ಮಕ್ಕಳು, ಪ್ರಶ್ನೆ ಬಂದದ್ದು ನರ್ಸ್‌ಗೆ. ‘ನಿಮಗೇನು ಅನ್ನಿಸುತ್ತೆ, ಹೇಳಿ’ ಎಂದು ಸ್ಟೂಲ್ ಎಳೆದು ಕೂರುವುದು ಆಗ ನರ್ಸ್ ಮಾಡಬಹುದಾದ ದೊಡ್ಡ ಕೆಲಸ. ಕೂರಲು ಸಮಯವಿದ್ದರೆ ತಾನೆ? ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬ ಮಾನದಂಡ ಕಾಗದದ ಮೇಲಿದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರುವುದನ್ನು ಆಸ್ಪತ್ರೆಯಲ್ಲಿ ಮಲಗಿದ ಯಾರಾದರೂ ನೋಡಿರುತ್ತಾರೆ.

ಸಾವಿನ ನಂತರದ ಕೆಲಸವೂ ನರ್ಸ್‌ಗಳದೇ. ಕಣ್ಣು ಮುಚ್ಚಿಸಬೇಕು, ನಳಿಕೆಗಳನ್ನು ತೆಗೆದು ಮೈ ಒರೆಸಬೇಕು, ದವಡೆಗೆ ಪಟ್ಟಿ ಕಟ್ಟಬೇಕು, ತಾಳಿ, ಉಂಗುರಗಳನ್ನು ಬರೆಸಿಕೊಂಡು ಮನೆಯವರಿಗೆ ಒಪ್ಪಿಸಬೇಕು. ಕೆಲವು ಗಂಟೆಗಳಲ್ಲಿ ದೇಹ ಸೆಟೆಯುವುದರಿಂದ ಕೈಕಾಲು ಮೊದಲೇ ನೇರಮಾಡುತ್ತಾರೆ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವುದರಿಂದ ಸೆಟೆಯುವ ಮೊದಲೇ ಕಾಲು ಮಡಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿರುವ ಮಗನಿಗೆ ಅದು ನೆನಪಾಗದೆ ಇರಬಹುದು. ವಾರ್ಡಿನಲ್ಲಿ ತಿಳಿದ ನರ್ಸ್ ಒಬ್ಬರಿದ್ದರೆ ಮನೆಯವರನ್ನು ಕೇಳಿ ಎಚ್ಚರಿಸುತ್ತಾರೆ.

ಅರ್ಧ ಗಂಟೆಯಲ್ಲಿ ಅದೇ ಮಂಚಕ್ಕೆ ಹೊಸ ಬೆಡ್‌ಶೀಟ್ ಬೀಳುತ್ತದೆ, ಹೊಸ ರೋಗಿ ಬರುತ್ತಾರೆ. ಮೂರು ವಾರ ಮೈ ತೊಳೆದು, ಹೆಸರು ಹಿಡಿದು ಮಾತಾಡಿಸಿದವರು ಹೋದಾಗ ನರ್ಸ್‌ಗೆ ಸೂತಕವಿಲ್ಲ, ರಜೆಯಿಲ್ಲ, ‘ಸಮಾಧಾನ ಮಾಡ್ಕೊಳ್ಳಿ’ ಎನ್ನುವವರಿಲ್ಲ. ಸಮಾಜ ದುಃಖವೆಂದು ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಅಲ್ಲಿನ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ನರ್ಸ್ ಜೊನಾಥನ್ ಬಾರ್ಟೆಲ್ಸ್ ಇದಕ್ಕೊಂದು ಸರಳ ರೂಢಿ ಹುಟ್ಟುಹಾಕಿದರು. ರೋಗಿ ತೀರಿಕೊಂಡ ಕೂಡಲೇ ಚಿಕಿತ್ಸೆ ಮಾಡಿದ ಎಲ್ಲರೂ ಒಂದು ನಿಮಿಷದಷ್ಟು ಹೊತ್ತು ಮಂಚದ ಸುತ್ತ ನಿಲ್ಲುತ್ತಾರೆ. ಇವರು ಯಾರಿಗೋ ತಂದೆ, ಯಾರಿಗೋ ಗೆಳತಿ ಆಗಿದ್ದರು ಎಂದು ಒಬ್ಬರು ನೆನಪಿಸುತ್ತಾರೆ, ನಂತರ ಎಲ್ಲರೂ ಮೌನವಾಗಿರುತ್ತಾರೆ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ನಮ್ಮ ಐ.ಸಿ.ಯು.ಗಳಲ್ಲೂ ಇದು ನಾಳೆಯೇ ಶುರುವಾಗಬಹುದು, ಆಗಬೇಕು.

ಅರುಣಾ ತೀರ್ಪು ತೆರೆದ ದಾರಿ ಮುಂದೆ ಅಗಲವಾಯಿತು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ‘ಗುಣವಾಗದ ಸ್ಥಿತಿ ಬಂದರೆ ನನ್ನನ್ನು ಯಂತ್ರಕ್ಕೆ ಹಾಕಬೇಡಿ’ ಎಂದು ಮೊದಲೇ ಬರೆದಿಡುವ ಉಯಿಲಿಗೆ ಮಾನ್ಯತೆ ಸಿಕ್ಕಿತು. 2023ರಲ್ಲಿ ನಿಯಮ ಸರಳವಾಗಿ, ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಾಯಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಆ ಎರಡೂ ಮಂಡಳಿಗಳಲ್ಲಿ ಇರುವವರೆಲ್ಲ ವೈದ್ಯರು. ಅರುಣಾ ವಿಷಯದಲ್ಲಿ ನರ್ಸ್‌ಗಳ ಮಾತಿಗೆ ಅಷ್ಟು ಬೆಲೆ ಕೊಟ್ಟ ಮೇಲೂ ನಿಯಮದಲ್ಲಿ ನರ್ಸ್‌ಗೆ ಒಂದು ಕುರ್ಚಿ ಸಿಗದಿರುವುದು ಸರಿಯಲ್ಲ. ರೋಗಿ ಯಾವಾಗ ನರಳಿದರು, ಯಾರ ದನಿಗೆ ಕಣ್ಣು ತೆರೆದರು, ಕಫ ಹೀರಿ ತೆಗೆಯಲು ಸಕ್ಷನ್ ಹಾಕುವಾಗ ಎಷ್ಟು ಒದ್ದಾಡಿದರು ಎಂಬುದು ಪಾಳಿಯಿಂದ ಪಾಳಿಗೆ ನರ್ಸ್‌ಗಳು ಬರೆಯುವ ಟಿಪ್ಪಣಿಯಲ್ಲಿದೆ. ನಿಯಮ ಬದಲಾಗುವ ತನಕ ಕಾಯಬೇಕಿಲ್ಲ. ಮಂಡಳಿ ಸೇರುವ ಮೊದಲು ಆ ಟಿಪ್ಪಣಿಯನ್ನು ಓದಬಹುದು, ಬರೆದವರನ್ನು ಒಳಗೆ ಕರೆದು ಕೇಳಬಹುದು. ಮನೆಯವರೂ ಸಮ್ಮತಿಯ ಸಹಿ ಹಾಕುವ ಮೊದಲು ವೈದ್ಯರ ಜೊತೆ ಆ ವಾರ್ಡಿನ ಸಿಸ್ಟರ್ ಹತ್ತಿರವೂ ಹತ್ತು ನಿಮಿಷ ಕುಳಿತು, ರಾತ್ರಿ ಹೊತ್ತು ರೋಗಿ ಹೇಗಿರುತ್ತಾರೆ ಎಂದು ವಿಚಾರಿಸಬಹುದು.