ಹಳೆಯ ಬಂಡಿಗೆ ಹೊಸ ಹಲ್ಲು

ಈ ಲೇಖನದ ವಿಷಯವನ್ನು ಕಂಡು ನನ್ನ ಸಹಪಾಠಿಗಳು ನಗಬಹುದು. ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಆಟದ ಬಂಡಿಯ ಗೊಡವೆ ಏಕೆ ಎಂದು ಅಧ್ಯಾಪಕರು ಕೇಳಬಹುದು. ಕಳೆದ ವರ್ಷ ನನ್ನ ತಂದೆಯವರು ಕೇಳಿದ್ದೂ ಇದೇ ಪ್ರಶ್ನೆಯನ್ನು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಕೆಲಸ ಮುಗಿದಿದೆ. ಆದಕಾರಣ ನಡೆದುದನ್ನು ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ನಮ್ಮ ಊರು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ತಂದೆಯವರದು ಅಡಿಕೆ ಕೊಯ್ಯುವ ಕೂಲಿ. ತಾಯಿಯವರು ಹಂಗಾಮಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ನನಗಿಂತ ಎರಡು ವರ್ಷ ಕಿರಿಯನಾದ ತಮ್ಮನಿದ್ದಾನೆ. ನಾನು ಕಾಲೇಜಿಗೆ ಸೇರಿದ ವರ್ಷ ಮನೆಯಲ್ಲಿ ಒಬ್ಬನ ಓದಿಗೆ ಮಾತ್ರ ಹಣವಿತ್ತು. ಹತ್ತನೆಯ ತರಗತಿ ಮುಗಿಸಿದ್ದ ತಮ್ಮನು ಯಾರೂ ಹೇಳದೆಯೇ ಮೋಟಾರು ವೈಂಡಿಂಗ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋದ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಒಂದು ಮನೆಯವರ ಕಾರು ನಡೆಸುತ್ತಿದ್ದರು. ಆ ಮನೆಯವರು ಮನೆ ಖಾಲಿ ಮಾಡುವಾಗ ಮಗನ ಹಳೆಯ ಆಟದ ಸಾಮಾನೊಂದನ್ನು ಕೊಟ್ಟರು. ಅದು ರೇಡಿಯೋ ಅಲೆಗಳಿಂದ ದೂರದಲ್ಲೇ ನಿಂತು ಓಡಿಸುವ ಪಂದ್ಯದ ಬಗ್ಗಿ ಬಂಡಿ. ನಿಜವಾದ ಬಂಡಿಯ ಹತ್ತನೆಯ ಒಂದರಷ್ಟು ಗಾತ್ರ. "ಇಬ್ಬರೂ ಸೇರಿ ಓಡಿಸ್ರಪ್ಪ" ಎಂದು ಮಾವ ನಮಗೆ ತಂದುಕೊಟ್ಟರು. ಅದು ಓಡಲಿಲ್ಲ. ಅಟ್ಟ ಸೇರಿತು. ಮಾವ ಈಗಿಲ್ಲ. ಕಳೆದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ಪೆಟ್ಟಿಗೆ ಮತ್ತೆ ಕೈಗೆ ಬಂತು.

ಧೂಳು ತೊಳೆದು ನೋಡಿದೆವು. ಅದು ಜಪಾನಿನ ತಮಿಯಾ ಕಂಪೆನಿಯ 'ಹಾರ್ನೆಟ್', ಅಂದರೆ ನಮ್ಮ ಮಾತಿನಲ್ಲಿ ಕಡಜ. 1976ರಲ್ಲಿ ಪೋರ್ಷೆ ಕಾರಿನ ಮಾದರಿಯೊಂದಿಗೆ ರೇಡಿಯೋ ಬಂಡಿಗಳ ತಯಾರಿಕೆಗೆ ಇಳಿದ ಆ ಕಂಪೆನಿ, ಈ ಕಡಜವನ್ನು ಮೊದಲು ಹೊರತಂದದ್ದು 1984ರಲ್ಲಿ. ಬಂಡಿ ನಮ್ಮಿಬ್ಬರಿಗಿಂತಲೂ ಹಿರಿಯದು. ಅದರ ಮುಂದಿನ ಟೈರುಗಳು ಸೀಳಿದ್ದವು, ಮೋಟಾರಿನ ತುದಿಯ ಚಿಕ್ಕ ಹಲ್ಲುಚಕ್ರ ಸವೆದಿತ್ತು, ಗಾಲಿಗಳು ಅಲ್ಲಾಡುತ್ತಿದ್ದವು, ವೇಗ ಹೆಚ್ಚು ಕಡಿಮೆ ಮಾಡುವ ಸಾಧನ ಸುಟ್ಟಿತ್ತು, ಬ್ಯಾಟರಿ ಉಪ್ಪು ಕಾರಿತ್ತು, ತಳದ ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಟ್ಟಿತ್ತು.

ಬಿಡಿಭಾಗಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಓದಿದವನು ನಾನು ತಾನೆ! ಚನ್ನಗಿರಿಯಲ್ಲಿ ಆಟದ ಸಾಮಾನಿನ ಅಂಗಡಿಗಳಿಗೆ ಹೋಗಿ ಬಂಡಿಯ ಹೆಸರು ಹೇಳಿದೆ. ದಾವಣಗೆರೆಗೂ ಹೋಗಿ ಅದನ್ನೇ ಹೇಳಿದೆ. ಯಾರೂ ಆ ಹೆಸರನ್ನು ಕೇಳಿರಲಿಲ್ಲ. ಎರಡು ದಿನದ ಬಸ್ಸಿನ ಚಾರ್ಜು ದಂಡವಾಯಿತು. ಸಂಜೆ ತಮ್ಮನು ಬಂಡಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ: "ಅಣ್ಣ, ನೀನು ಬಂಡಿ ಹೆಸರು ಹೇಳಿದ್ರೆ ಯಾರು ಕೊಡ್ತಾರೆ? ನಮ್ಮ ಅಂಗಡೀಲಿ ಪಂಪಿನ ಹೆಸರು ಯಾರೂ ಕೇಳಲ್ಲ. ಅಳತೆ ಕೇಳ್ತೀವಿ."

ಆತನ ಮಾತನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಹಳೆಯ ಯಂತ್ರ ಯಾವುದೇ ಇರಲಿ, ಅದರ ಭಾಗಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಯಾವ ಕಂಪೆನಿಗೂ ಸೇರದೆ ಎಲ್ಲೆಲ್ಲೂ ಒಂದೇ ಅಳತೆಯಲ್ಲಿ ಸಿಗುವಂಥವು ಮೊದಲನೆಯ ಗುಂಪು. ಅದೇ ಸಿಗದಿದ್ದರೂ ಅದೇ ಕೆಲಸ ಮಾಡುವ ಬೇರೊಂದನ್ನು ಹಾಕಬಹುದಾದಂಥವು ಎರಡನೆಯದು. ತಯಾರಿಸಿದವನು ಮಾತ್ರ ಕೊಡಬಲ್ಲಂಥವು ಮೂರನೆಯದು. ಮೂರನ್ನೂ ಒಂದೇ ಅಂಗಡಿಯಲ್ಲಿ ಕೇಳಿದ್ದು ನಾನು ಮಾಡಿದ ತಪ್ಪು.

ಮೊದಲನೆಯ ಗುಂಪಿಗೆ ಬೇರಿಂಗು ಉತ್ತಮ ನಿದರ್ಶನ. ತೋಟದ ಪಂಪಿನ ಮೋಟಾರುಗಳಲ್ಲಿ 6204 ಎಂಬ ಬೇರಿಂಗು ಸಾಮಾನ್ಯ. ಅದರ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಬರುತ್ತದೆ: ನಾಲ್ಕೈದಲೆ ಇಪ್ಪತ್ತು ಮಿಲಿಮೀಟರು. 6205 ಎಂದರೆ 25. ಇನ್ನೂ ಚಿಕ್ಕವಕ್ಕೆ ಈ ಲೆಕ್ಕ ನಡೆಯುವುದಿಲ್ಲ. 6203ರ ರಂಧ್ರ 15 ಅಲ್ಲ, 17. ಶಾಲೆಯಲ್ಲಿ ಮಗ್ಗಿಗೆ ಹೆದರುತ್ತಿದ್ದ ತಮ್ಮನು ಇದನ್ನು ಬೆರಳ ತುದಿಯಲ್ಲಿ ಹೇಳಿದ. ನಮ್ಮ ಬಂಡಿಯ ಗಾಲಿಗಳ ನಡುವೆ ಇದ್ದವು ಪ್ಲಾಸ್ಟಿಕ್ ಬುಶ್ಶುಗಳು. ವರ್ನಿಯರ್ ಅಳತೆಗೋಲಿನಿಂದ ಅಳೆದಾಗ ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರು. ಈ ಅಳತೆಯ ಉಕ್ಕಿನ ಬೇರಿಂಗಿಗೆ ಎಂ.ಆರ್. 115 ಎಂದು ಹೆಸರು; ಹನ್ನೊಂದೂ ಐದೂ ಅದರಲ್ಲೇ ಇವೆ. ದಾವಣಗೆರೆಯ ಬೇರಿಂಗ್ ಅಂಗಡಿಯವರು ಬಂಡಿಯ ಹೆಸರನ್ನು ಕೇಳಲೇ ಇಲ್ಲ. ಅಂಕಿ ನೋಡಿ, ಬೆಂಗಳೂರಿನಿಂದ ನಾಲ್ಕು ದಿನದಲ್ಲಿ ತರಿಸಿಕೊಟ್ಟರು. ಗಾಲಿಗಳ ಅಲ್ಲಾಟ ನಿಂತಿತು.

ಹಲ್ಲುಚಕ್ರದ ವಿಷಯದಲ್ಲಿ ನಾನು ಮತ್ತೊಮ್ಮೆ ಎಡವಿದೆ. ಅಳತೆ ಮುಖ್ಯವೆಂದು ಕಲಿತ ಉತ್ಸಾಹದಲ್ಲಿ ಸವೆದ ಚಕ್ರದ ಹೊರ ಅಗಲವನ್ನು ಅಳೆದೆ: ಸುಮಾರು 16 ಮಿಲಿಮೀಟರು. ಮೋಟಾರಿನ ದಂಡ ಇಂಚಿನ ಎಂಟನೆಯ ಒಂದು ಭಾಗ, ಅಂದರೆ 3.17 ಮಿಲಿಮೀಟರು. ಇವೆರಡನ್ನೇ ಬರೆದು ಚಕ್ರ ತರಿಸಿದೆ. ದಂಡಕ್ಕೆ ಸರಿಯಾಗಿ ಕೂತಿತು. ಕೈಯಿಂದ ತಿರುಗಿಸಿದಾಗ ಕರಕರ ಸದ್ದು. "ನಿಲ್ಸು, ದೊಡ್ಡ ಚಕ್ರನ ತಿಂದುಹಾಕ್ತದೆ" ಎಂದು ತಮ್ಮನು ಬಿಡಿಸಿ ಹಲ್ಲುಗಳನ್ನು ಎಣಿಸಿದ. ಹಳೆಯದರಲ್ಲಿ 18, ಹೊಸದರಲ್ಲಿ 25!

ಇಲ್ಲಿ ಒಂದು ಸಣ್ಣ ಗಣಿತವಿದೆ. ಹಲ್ಲಿನ ಗಾತ್ರವನ್ನು ಸೂಚಿಸುವ ಸಂಖ್ಯೆಗೆ ಮಾಡ್ಯೂಲ್ ಎನ್ನುತ್ತಾರೆ. ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ, ಚಕ್ರದ ಹೊರ ಅಗಲವನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ಹಳೆಯ ಚಕ್ರಕ್ಕೆ 16ನ್ನು 20ರಿಂದ ಭಾಗಿಸಿದರೆ 0.8. ಹೊಸದರ ಅಗಲ 16.2, ಅದನ್ನು 27ರಿಂದ ಭಾಗಿಸಿದರೆ 0.6. ಅಗಲ ಒಂದೇ ಆದರೂ ಹಲ್ಲು ಸಣ್ಣದು. ಮಾಡ್ಯೂಲ್ ಒಂದೇ ಆಗದ ಎರಡು ಚಕ್ರಗಳು ಎಂದಿಗೂ ಕೂಡಿ ತಿರುಗಲಾರವು. ಬಲವಾದುದು ಮೆದುವಾದುದನ್ನು ಅರೆದುಬಿಡುತ್ತದೆ. ಕೆಲವು ಪೊಟ್ಟಣಗಳ ಮೇಲೆ ಮಾಡ್ಯೂಲಿಗೆ ಬದಲಾಗಿ ಇಂಚಿನ ಲೆಕ್ಕದಲ್ಲಿ 32 ಎಂದು ಬರೆದಿರುತ್ತದೆ. ಒಂದು ಇಂಚು 25.4 ಮಿಲಿಮೀಟರು, ಅದನ್ನು 32ರಿಂದ ಭಾಗಿಸಿದರೆ 0.79. ಇದು 0.8ಕ್ಕೆ ತೀರ ಹತ್ತಿರ. ಹೀಗೆ ದಂಡದ ಅಳತೆ, ಹಲ್ಲಿನ ಸಂಖ್ಯೆ, ಮಾಡ್ಯೂಲ್ ಮೂರೂ ಕೂಡಿದರೆ ಮಾತ್ರ ಒಂದು ಹಲ್ಲುಚಕ್ರದ ಪೂರ್ತಿ ವಿಳಾಸ ಬರೆದಂತೆ. ನನ್ನ ಕಾಗದದಲ್ಲಿ ಊರಿತ್ತು, ಬೀದಿ ಇರಲಿಲ್ಲ.

ಎರಡನೆಯ ಗುಂಪಿಗೆ ಬರೋಣ. ಹಳೆಯ ವೇಗ ನಿಯಂತ್ರಕ ಮೂರು ಮೆಟ್ಟಿಲಿನದು. ವೇಗ ಕಡಿಮೆ ಬೇಕಾದಾಗ ಅದು ವಿದ್ಯುತ್ತನ್ನು ತಂತಿಯ ಸುರುಳಿಯ ಮೂಲಕ ಹಾಯಿಸಿ, ಹೆಚ್ಚಿನದನ್ನು ಶಾಖವಾಗಿ ಕಳೆಯುತ್ತಿತ್ತು. ಗೋಡೆಯ ಮೇಲಿನ ಹಳೆಯ ಫ್ಯಾನ್ ರೆಗ್ಯುಲೇಟರಿನ ಡಬ್ಬಿ ಬಿಸಿಯಾಗುತ್ತಿದ್ದುದು ಇದೇ ಕಾರಣಕ್ಕೆ. ಈಗಿನ ಎಲೆಕ್ಟ್ರಾನಿಕ್ ನಿಯಂತ್ರಕವು ವಿದ್ಯುತ್ತನ್ನು ಸುಡುವುದಿಲ್ಲ. ಕ್ಷಣಕ್ಕೆ ಸಾವಿರಾರು ಸಲ ಹೊತ್ತಿಸಿ ಆರಿಸಿ ಬೇಕಾದಷ್ಟನ್ನೇ ಬಿಡುತ್ತದೆ. ಅದನ್ನು ಹಾಕಿದ ಮೇಲೆ, ಹಳೆಯ ನಿಯಂತ್ರಕದ ಸನ್ನೆಯನ್ನು ತಳ್ಳಲೆಂದೇ ಇದ್ದ ಎರಡನೆಯ ಸರ್ವೋ ಯಂತ್ರವೂ ಬೇಕಾಗಲಿಲ್ಲ.

ರೇಡಿಯೋ ಭಾಗವೂ ಹಾಗೆಯೇ. ಹಳೆಯದು 27 ಮೆಗಾಹರ್ಟ್ಸ್ ಸುತ್ತಲಿನ ಅಲೆಗಳದು. ಕೈಪೆಟ್ಟಿಗೆಯಲ್ಲೊಂದು, ಬಂಡಿಯಲ್ಲೊಂದು ಹರಳು, ಎರಡೂ ಜೊತೆಯಾಗಿರಬೇಕು. ಆದರೆ ಅವು ಒಂದೇ ಅಲ್ಲ! ಈ ಬಗೆಯ ಸಾಧನಗಳಲ್ಲಿ ಬಂಡಿಯ ಹರಳು ಕೈಪೆಟ್ಟಿಗೆಯದಕ್ಕಿಂತ 455 ಕಿಲೋಹರ್ಟ್ಸ್ ಕಡಿಮೆ. ಕೈಯದು 27.145 ಆದರೆ ಬಂಡಿಯದು 26.690. ಅದಲುಬದಲಾದರೆ ಬಂಡಿ ಕಿವುಡು. ನಮ್ಮ ಕೈಪೆಟ್ಟಿಗೆ ತುಕ್ಕು ಹಿಡಿದಿದ್ದರಿಂದ 2.4 ಗಿಗಾಹರ್ಟ್ಸ್ ಅಲೆಯ ಹೊಸ ಜೋಡಿಯೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆವು. ಅದಕ್ಕೆ ಹರಳಿನ ಗೊಡವೆಯೇ ಇಲ್ಲ.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯದು ನಿಕ್ಕಲ್ ಕ್ಯಾಡ್ಮಿಯಂ. ಕೋಶ ಒಂದಕ್ಕೆ 1.2ರಂತೆ ಆರು ಕೋಶಗಳಿಗೆ 7.2 ವೋಲ್ಟು. ಕ್ಯಾಡ್ಮಿಯಂ ವಿಷ. ಅದನ್ನು ತೋಟದ ಗುಂಡಿಗೆ ಎಸೆದರೆ ಮಣ್ಣಿಗೂ ನೀರಿಗೂ ಕೇಡು. ಅದನ್ನು ಇ-ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಿ, ಅಷ್ಟೇ ವೋಲ್ಟಿನ ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹಾಕಿದೆವು. ಮೋಟಾರನ್ನು ಮಾತ್ರ ಬದಲಿಸಲಿಲ್ಲ. ತಮ್ಮನು ಎರಡೂ ತುದಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಮೊದಲು ಮೂರು ವೋಲ್ಟಿನಲ್ಲಿ ನಿಧಾನವಾಗಿ ತಿರುಗಿಸಿದ. ನಾಲ್ಕು ದಶಕದ ಮೋಟಾರು ಕೆಮ್ಮಿ, ನಂತರ ಹಾಡಿತು. ತಳದ ತೊಟ್ಟಿಯ ಪ್ಲಾಸ್ಟಿಕ್ ಎ.ಬಿ.ಎಸ್. ಎಂಬ ಜಾತಿಯದು, ಅದು ಅಸಿಟೋನಿನಲ್ಲಿ ಕರಗುತ್ತದೆ. ಅದೇ ಜಾತಿಯ ಚೂರುಗಳನ್ನು ಕರಗಿಸಿ ಬಿರುಕಿಗೆ ತುಂಬಿದಾಗ ಬೆಸುಗೆಯಂತೆ ಕೂಡಿಕೊಂಡಿತು.

ಉಳಿದದ್ದು ಮೂರನೆಯ ಗುಂಪು: ಟೈರು, ಗಾಲಿ, ಮುಂಭಾಗದ ತೋಳುಗಳು. ಇವನ್ನು ಯಾವ ಲೇತಿನವರೂ ಮಾಡಿಕೊಡಲಾರರು. ಇಲ್ಲಿ ಹೆಸರೇ ಬೇಕು. ನಮ್ಮ ಪುಣ್ಯಕ್ಕೆ, 1980ರ ದಶಕದ ಹುಡುಗರು ಬೆಳೆದು ಸಂಪಾದಿಸತೊಡಗಿದ ಮೇಲೆ ತಮ್ಮ ಬಾಲ್ಯದ ಬಂಡಿಗಳನ್ನು ಮತ್ತೆ ಬಯಸಿದರು. ಕಂಪೆನಿ 2004ರಲ್ಲಿ ಕಡಜವನ್ನು ಮರಳಿ ಹೊರತಂದಿತು. ಅದರ ಸೋದರನಾದ 'ಗ್ರಾಸ್‌ಹಾಪರ್', ಎಂದರೆ ಮಿಡತೆ, 2005ರಲ್ಲಿ ಬಂತು. ಹೊಸದರ ಬಹುಪಾಲು ಭಾಗಗಳು ಹಳೆಯದಕ್ಕೂ ಕೂಡುತ್ತವೆ. ಕಡಜ, ಮಿಡತೆಗಳ ತಳವೂ ಹಲ್ಲುಚಕ್ರದ ಪೆಟ್ಟಿಗೆಯೂ ಒಂದೇ ವಂಶದವು. ಒಂದರದು ಸಿಗದಿದ್ದರೆ ಇನ್ನೊಂದರದನ್ನು ಹುಡುಕಬಹುದು. ಜೋಡಣೆಯ ಪುಸ್ತಕದಲ್ಲಿ ಪ್ರತಿಯೊಂದು ಭಾಗಕ್ಕೂ ಅಕ್ಷರ ಮತ್ತು ಅಂಕಿ ಇರುತ್ತದೆ. ಅದನ್ನು ತಿಳಿಸಿದರೆ ಸಾಕು. ಆ ಪುಸ್ತಕದ ಇಂಗ್ಲಿಷನ್ನು ನಾನು ಓದಿ ಹೇಳಿದೆ. ಇಷ್ಟು ಹೊತ್ತಿಗಾದರೂ ನನ್ನ ಓದು ಒದಗಿತು.

ಇದು ಆಟದ ಬಂಡಿಗೆ ಮಾತ್ರ ಸಲ್ಲುವ ವಿಚಾರವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರು ಸೈಕಲ್ಲುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಹಳೆಯದರ ಎಂಜಿನ್ನು ಎರಡು ಹೊಡೆತದ್ದು, ಹೊಸದರದ್ದು ನಾಲ್ಕು ಹೊಡೆತದ್ದು. ಒಂದರ ಪಿಸ್ಟನ್ನು ಇನ್ನೊಂದಕ್ಕೆ ಆಗದು. ಹೆಸರು ಬಂತು, ಬಿಡಿಭಾಗ ಬರಲಿಲ್ಲ. ಹಳೆಯ ಯೆಜ್ಡಿ ಇಟ್ಟುಕೊಂಡವರು ಇಂದಿಗೂ ಹಳೆಯ ದಾಸ್ತಾನನ್ನೂ ಲೇತಿನವರನ್ನೂ ನಂಬಿರುವುದು ಇದರಿಂದಲೇ. ಅವರ ಗಾಡಿಯಲ್ಲೂ ಬೇರಿಂಗು ಅಂಕಿಯಿಂದ ಸಿಗುತ್ತದೆ. ಸಿಲಿಂಡರು ಸಿಗುವುದು ಕಷ್ಟ. ಯಾವುದು ಯಾವ ಗುಂಪಿನದೆಂದು ಮೊದಲೇ ತಿಳಿದವನಿಗೆ ಅಲೆದಾಟ ಅರ್ಧಕ್ಕರ್ಧ ಕಡಿಮೆ.

ಒಂದು ಭಾನುವಾರ ಸಂಜೆ ಅಡಿಕೆ ಒಣಗಿಸುವ ಕಣದಲ್ಲಿ ಬಂಡಿಯನ್ನು ಇಳಿಸಿದೆವು. ಕಡಜದಂತೆಯೇ ಗುಂಯ್‌ಗುಟ್ಟುತ್ತ ಓಡಿತು. ಹುಡುಗರೆಲ್ಲ ಕೂಗುತ್ತ ಬೆನ್ನಟ್ಟಿದರು. ತಂದೆಯವರು ದೂರದಲ್ಲೇ ನಿಂತು ನೋಡಿದರು. "ಯಾರು ರಿಪೇರಿ ಮಾಡಿದ್ದು?" ಎಂದು ಯಾರೋ ಕೇಳಿದಾಗ, ನಾನು ಬಾಯಿ ತೆರೆಯುವ ಮುನ್ನವೇ ಅವರು ಹೇಳಿದರು: "ನನ್ನ ಚಿಕ್ಕ ಮಗ."

ಈ ಲೇಖನಕ್ಕೆ ನಮ್ಮಿಬ್ಬರ ಹೆಸರನ್ನೂ ಹಾಕೋಣವೆಂದೆ. "ಕಾಲೇಜಿನ ಪುಸ್ತಕದಾಗೆ ಕಾಲೇಜಿನೋರ ಹೆಸರೇ ಇರಲಿ ಬಿಡಣ್ಣ" ಎಂದ. ಆದ್ದರಿಂದ ಇಲ್ಲಿನ ಅಳತೆಗಳೆಲ್ಲ ಅವನವೆಂದೂ ತಪ್ಪಿದ ಎರಡು ಸಲ ಮಾತ್ರ ನನ್ನವೆಂದೂ ಓದುಗರು ತಿಳಿಯಬೇಕಾಗಿ ಪ್ರಾರ್ಥನೆ. ಕಳೆದ ವಾರ ಐ.ಟಿ.ಐ. ಪ್ರವೇಶದ ಅರ್ಜಿಯ ವಿಚಾರವನ್ನು ತಿಳಿದುಬರಲು ನನಗೆ ಹೇಳಿದ. ವಿವರಗಳನ್ನೆಲ್ಲ ಬರೆದು ತಂದುಕೊಟ್ಟೆ. ಆ ಕಾಗದವನ್ನು ಬಂಡಿಯ ಪುಸ್ತಕದ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ನನ್ನ ಪರೀಕ್ಷೆಗಳು ಮುಗಿಯುತ್ತಿವೆ. ಇನ್ನು ದುಡಿಯುವ ಸರದಿ ನನ್ನದು.